ಅತ್ತಿಮಬ್ಬೆ: ವಿಯೋಗದಿಂದ ವಾತ್ಸಲ್ಯದೆಡೆಗೆ

ಕಷ್ಟವು ಮನುಷ್ಯನನ್ನು ದೊಡ್ಡವನನ್ನಾಗಿ ಮಾಡುತ್ತದೆ ಎಂಬ ಮಾತು ಲೋಕದಲ್ಲಿ ರೂಢವಾಗಿದೆ. ಅದನ್ನು ಪೂರ್ಣಸತ್ಯವೆಂದು ಒಪ್ಪುವಂತಿಲ್ಲ. ಕಷ್ಟವನ್ನು ಉಂಡವರೆಲ್ಲರೂ ದೊಡ್ಡವರಾಗುವುದಿದ್ದರೆ ಲೋಕದಲ್ಲಿ ಕಹಿ ಮನಸ್ಸಿನವರೇ ಇರುತ್ತಿರಲಿಲ್ಲ. ಒಂದೇ ಬಗೆಯ ದುಃಖ ಒಬ್ಬನನ್ನು ಕಠಿಣನನ್ನಾಗಿಸುತ್ತದೆ, ಮತ್ತೊಬ್ಬನನ್ನು ಮೃದುವಾಗಿಸುತ್ತದೆ; ಒಬ್ಬನು ಬಾಗಿಲು ಮುಚ್ಚಿಕೊಳ್ಳುತ್ತಾನೆ, ಮತ್ತೊಬ್ಬನು ಅದೇ ಬಾಗಿಲನ್ನು ಹತ್ತು ಜನರಿಗೆ ತೆರೆದಿಡುತ್ತಾನೆ. ಈ ಅಂತರಕ್ಕೆ ಕಾರಣ ದುಃಖದಲ್ಲಿಲ್ಲ. ದುಃಖ ಬಂದ ಮೇಲೆ ಆ ಜೀವವು ಯಾವ ಹೊಣೆಯನ್ನು ಹೊತ್ತುಕೊಂಡಿತು ಎಂಬುದರಲ್ಲಿದೆ.

ಹೊಣೆಗಳಲ್ಲೆಲ್ಲ ಹಿರಿದು ಮಕ್ಕಳನ್ನು ಬೆಳೆಸುವ ಹೊಣೆ. ಆಳುವವನಿಗೆ ಬೇಕಾದ ಗುಣಗಳೆಂದು ನೀತಿಗ್ರಂಥಗಳು ಹೇಳುವ ತಾಳ್ಮೆ, ದೂರದೃಷ್ಟಿ, ತನ್ನ ಹಸಿವನ್ನು ಮರೆತು ಪರರ ಹಸಿವನ್ನು ಅರಿಯುವ ಶಕ್ತಿ, ಇವೆಲ್ಲವನ್ನೂ ಮನೆಯೊಳಗೇ ಕಲಿಸುವ ಪಾಠಶಾಲೆ ಅದು. ಈ ಮಾತಿಗೆ ಕನ್ನಡ ನಾಡಿನ ಜೈನ ಇತಿಹಾಸದಲ್ಲಿ ಒಂದು ಉಜ್ವಲ ನಿದರ್ಶನವಿದೆ. ಹತ್ತನೆಯ ಶತಮಾನದ ಕೊನೆ ಮತ್ತು ಹನ್ನೊಂದನೆಯ ಶತಮಾನದ ಆರಂಭದಲ್ಲಿ ಬಾಳಿದ, 'ದಾನಚಿಂತಾಮಣಿ' ಎಂದು ನಾಡು ಕೊಂಡಾಡಿದ ಅತ್ತಿಮಬ್ಬೆಯೇ ಆ ನಿದರ್ಶನ. ಆಕೆಯ ದಾನದ ಕಥೆಯನ್ನು ಬಸದಿಗಳಲ್ಲಿ, ಮನೆಗಳಲ್ಲಿ ಎಲ್ಲರೂ ಕೇಳಿರುತ್ತಾರೆ. ಆ ದಾನದ ಬೇರು ಎಲ್ಲಿತ್ತು ಎಂಬುದನ್ನು ವಿಚಾರಿಸುವವರು ಕಡಿಮೆ.

ಯುದ್ಧದ ಕಾಲ, ಯುದ್ಧದ ಮನೆ

ಅತ್ತಿಮಬ್ಬೆಯ ಮನೆತನದ ಮೂಲ ವೆಂಗಿನಾಡು. ಅಲ್ಲಿಯ ಪುಂಗನೂರಿನ ನಾಗಮಯ್ಯನೆಂಬ ಜಿನಭಕ್ತನಿಗೆ ಮಲ್ಲಪಯ್ಯ, ಪುನ್ನಮಯ್ಯ ಎಂಬ ಇಬ್ಬರು ಮಕ್ಕಳು. ಈ ಸೋದರರು ಕತ್ತಿಯನ್ನೂ ಬಲ್ಲವರು, ಕಾವ್ಯವನ್ನೂ ಬಲ್ಲವರು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನಿಂದ 'ಉಭಯಕವಿಚಕ್ರವರ್ತಿ' ಎಂಬ ಬಿರುದನ್ನು ಪಡೆದ ಪೊನ್ನನು ತನ್ನ 'ಶಾಂತಿಪುರಾಣ'ವನ್ನು ರಚಿಸಿದ್ದು ಈ ಸೋದರರ ಪ್ರೇರಣೆಯಿಂದ, ಅವರ ಗುರುಗಳಾದ ಜಿನಚಂದ್ರರ ನೆನಪಿಗಾಗಿ. ಮಲ್ಲಪಯ್ಯ ಮತ್ತು ಅಪ್ಪಕಬ್ಬೆಯರ ಮಕ್ಕಳಲ್ಲಿ ಇಬ್ಬರು ಹೆಣ್ಣುಮಕ್ಕಳು: ಹಿರಿಯಳು ಅತ್ತಿಮಬ್ಬೆ, ಕಿರಿಯಳು ಗುಂಡಮಬ್ಬೆ.

ಅದು ಶಾಂತಿಯ ಕಾಲವಾಗಿರಲಿಲ್ಲ. ಕ್ರಿ. ಶ. 972ರಲ್ಲಿ ಪರಮಾರ ಸೀಯಕನು ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವನ್ನು ಕೊಳ್ಳೆ ಹೊಡೆದನು. ಮರುವರ್ಷ, 973ರಲ್ಲಿ, ಇಮ್ಮಡಿ ತೈಲಪನು ರಾಷ್ಟ್ರಕೂಟ ಇಮ್ಮಡಿ ಕರ್ಕನನ್ನು ಸೋಲಿಸಿ ಚಾಳುಕ್ಯರ ಆಳ್ವಿಕೆಯನ್ನು ಮರಳಿ ಸ್ಥಾಪಿಸಿದನು. ಇತಿಹಾಸದಲ್ಲಿ ಕಲ್ಯಾಣ ಚಾಳುಕ್ಯರೆಂದು ಪ್ರಸಿದ್ಧವಾದ ವಂಶವಿದು. ಹೊಸ ರಾಜ್ಯಕ್ಕೆ ಉತ್ತರದಲ್ಲಿ ಪರಮಾರರು, ದಕ್ಷಿಣದಲ್ಲಿ ಚೋಳರು. ತೈಲಪನ ಇಪ್ಪತ್ತನಾಲ್ಕು ವರ್ಷಗಳ ಆಳ್ವಿಕೆಯ ಬಹುಭಾಗ ದಂಡಯಾತ್ರೆಗಳಲ್ಲಿಯೇ ಕಳೆಯಿತು.

ಇಂತಹ ತೈಲಪನ ಮಂತ್ರಿಗಳಲ್ಲಿ ಪ್ರಮುಖನಾದವನು ಧಲ್ಲಪ. ಅವನ ಮಗ ನಾಗದೇವನು ದಂಡನಾಯಕ. ತೈಲಪನ ಮೆಚ್ಚಿಗೆಗೂ ಯುವರಾಜ ಸತ್ಯಾಶ್ರಯ ಇರಿವಬೆಡಂಗನ ಪ್ರೀತಿಗೂ ಪಾತ್ರನಾದ ವೀರ. ಮಲ್ಲಪಯ್ಯನು ತನ್ನ ಇಬ್ಬರು ಹೆಣ್ಣುಮಕ್ಕಳನ್ನೂ ಈ ನಾಗದೇವನಿಗೆ ಕೊಟ್ಟು ಮದುವೆ ಮಾಡಿದನು. ಹೀಗೆ ಅತ್ತಿಮಬ್ಬೆ ಹುಟ್ಟಿದ ಮನೆಯೂ ಯೋಧರ ಮನೆ, ಸೇರಿದ ಮನೆಯೂ ಯೋಧರ ಮನೆ. ಚಿಕ್ಕಪ್ಪ ಪುನ್ನಮಯ್ಯನು ರಣರಂಗದಲ್ಲಿ ಮಡಿದಿದ್ದನು. ಯುದ್ಧಕ್ಕೆ ಹೋದವರು ಮರಳಿ ಬಾರದಿರುವುದು ಆ ಮನೆಗಳಿಗೆ ತಿಳಿಯದ ಸಂಗತಿಯಾಗಿರಲಿಲ್ಲ.

ಇಬ್ಬರು ಸೋದರಿಯರು, ಎರಡು ದಾರಿಗಳು

ನಾಗದೇವನೂ ಯುದ್ಧದಲ್ಲಿ ಮಡಿದನು. ಆ ವಾರ್ತೆಯಿಂದ ಒಂದೇ ಗಳಿಗೆಯಲ್ಲಿ ಇಬ್ಬರು ಸೋದರಿಯರು ವಿಧವೆಯರಾದರು. ಗುಂಡಮಬ್ಬೆ ಪತಿಯೊಡನೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಬದುಕಿ ಉಳಿದಳು. ಆಕೆಯ ಮಡಿಲಲ್ಲಿ ಅಣ್ಣಿಗನೆಂಬ ಮಗನಿದ್ದನು.

ಈ ಒಂದು ಸನ್ನಿವೇಶವನ್ನು ನಿಧಾನವಾಗಿ ಆಲೋಚಿಸಬೇಕು. ಅತ್ತಿಮಬ್ಬೆ ಒಂದೇ ಬಾರಿಗೆ ಗಂಡನನ್ನೂ ಕಳೆದುಕೊಂಡಳು, ತನ್ನೊಡನೆ ಆಡಿ ಬೆಳೆದು ತನ್ನೊಡನೆಯೇ ಒಂದು ಮನೆಗೆ ಸೊಸೆಯಾಗಿ ಬಂದ ತಂಗಿಯನ್ನೂ ಕಳೆದುಕೊಂಡಳು. ಆ ಕಾಲದ ಯೋಧಸಮಾಜದಲ್ಲಿ ಸಹಗಮನಕ್ಕೆ ದೊಡ್ಡ ಗೌರವವಿತ್ತು. ನಾಡಿನ ಊರೂರುಗಳಲ್ಲಿ ಇಂದಿಗೂ ನಿಂತಿರುವ ಮಾಸ್ತಿಕಲ್ಲುಗಳು ಅದಕ್ಕೆ ಸಾಕ್ಷಿ. ಸತ್ತವಳಿಗೆ ಕಲ್ಲು ನೆಟ್ಟು ಪೂಜಿಸುವ ಲೋಕದಲ್ಲಿ ಬದುಕಿ ಉಳಿದವಳ ಪಾಲಿಗೆ ಅಂತಹ ಮನ್ನಣೆ ಕಾದಿರಲಿಲ್ಲ. ಗುಂಡಮಬ್ಬೆಯ ದುಃಖವನ್ನು ಸಾವಿರ ವರ್ಷಗಳ ಈಚೆಗೆ ಕುಳಿತು ತೂಗುವ ಅಧಿಕಾರ ಯಾರಿಗೂ ಇಲ್ಲ. ಆದರೆ ಅತ್ತಿಮಬ್ಬೆ ಆರಿಸಿಕೊಂಡ ದಾರಿ ಹೆಚ್ಚು ಕಠಿಣವಾದುದೆಂಬುದನ್ನು ಹೇಳಲೇಬೇಕು. ಒಂದು ದಿನದ ಧೈರ್ಯದಿಂದ ಮುಗಿಯುವ ದಾರಿ ಅದಲ್ಲ. ಪ್ರತಿದಿನವೂ ಬೆಳಗಾದೊಡನೆ ಹೊಸದಾಗಿ ತಂದುಕೊಳ್ಳಬೇಕಾದ ಧೈರ್ಯ ಅದಕ್ಕೆ ಬೇಕು.

ಈ ವಿಷಯದಲ್ಲಿ ಜೈನಶಾಸ್ತ್ರದ ನಿಲುವು ಸ್ಪಷ್ಟವಾಗಿದೆ. ಆಚಾರ್ಯ ಸಮಂತಭದ್ರರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಸಮ್ಯಗ್ದರ್ಶನಕ್ಕೆ ಅಡ್ಡಿಯಾಗುವ ಮೂಢತೆಗಳನ್ನು ವಿವರಿಸುವಾಗ ಬೆಟ್ಟದಿಂದ ಬೀಳುವುದನ್ನೂ ಬೆಂಕಿಯಲ್ಲಿ ಬೀಳುವುದನ್ನೂ ಲೋಕಮೂಢತೆಯೆಂದು ಎಣಿಸಿದ್ದಾರೆ. ಪುಣ್ಯವೆಂದು ನಂಬಿ ದೇಹವನ್ನು ಅಗ್ನಿಗೆ ಒಪ್ಪಿಸುವುದು ಧರ್ಮವಲ್ಲ; ಅದು ಲೋಕದ ರೂಢಿ ಮಾತ್ರ. ವ್ರತನಿಯಮಗಳೊಡನೆ, ಕಷಾಯಗಳನ್ನು ಕ್ರಮವಾಗಿ ತಗ್ಗಿಸುತ್ತ, ಸಮಚಿತ್ತದಿಂದ ಸ್ವೀಕರಿಸುವ ಸಲ್ಲೇಖನೆಗೂ ಶೋಕದ ಆವೇಗದಲ್ಲಿ ಮಾಡುವ ದೇಹತ್ಯಾಗಕ್ಕೂ ಶಾಸ್ತ್ರವು ಬಹಳ ಅಂತರವನ್ನು ಕಂಡಿದೆ. ಅತ್ತಿಮಬ್ಬೆಯ ನಿರ್ಧಾರವು ತಾಯ್ತನದ ಕರೆಗೂ ಶಾಸ್ತ್ರದ ನಿಲುವಿಗೂ ಸಮನಾಗಿ ಹೊಂದುವಂತಹುದು.

ಆರ್ತಧ್ಯಾನವನ್ನು ಗೆದ್ದ ತಾಯಿ

ಶಾಸ್ತ್ರಗಳು ಧ್ಯಾನವನ್ನು ಆರ್ತ, ರೌದ್ರ, ಧರ್ಮ, ಶುಕ್ಲ ಎಂದು ನಾಲ್ಕು ಬಗೆಯಾಗಿ ಹೇಳುತ್ತವೆ. ಪ್ರಿಯರಾದವರ ಅಗಲಿಕೆಯನ್ನೇ ನೆನೆನೆನೆದು ಕೊರಗುವುದು ಇಷ್ಟವಿಯೋಗಜ ಆರ್ತಧ್ಯಾನ. ಮನಸ್ಸು ಅಲ್ಲಿಯೂ ಏಕಾಗ್ರವಾಗಿರುತ್ತದೆ. ಆದರೆ ಆ ಏಕಾಗ್ರತೆ ಜೀವವನ್ನು ಕೆಳಕ್ಕೆ ಎಳೆಯುತ್ತದೆ. ಇದರಿಂದ ಹೊರಬರುವ ದಾರಿ ದುಃಖವನ್ನು ಮರೆಯುವುದಲ್ಲ. ಮರೆಯಬೇಕೆಂದು ಹೊರಟವನಿಗೆ ಮರೆವು ಬರುವುದಿಲ್ಲ. ಅದೇ ಏಕಾಗ್ರತೆಯನ್ನು ಧರ್ಮದ ಕಡೆಗೆ ತಿರುಗಿಸುವುದೇ ದಾರಿ.

ಮಗುವನ್ನು ಬೆಳೆಸುವ ತಾಯಿಗೆ ಈ ತಿರುವು ಅನಿವಾರ್ಯವಾಗಿಯೇ ಒದಗುತ್ತದೆ. ಹಸಿದ ಮಗುವಿಗೆ ತಾಯಿಯ ಶೋಕ ಅರ್ಥವಾಗದು. ಅದಕ್ಕೆ ಊಟ ಬೇಕು, ನಿದ್ದೆ ಬೇಕು, ಕೇಳಿದ ಪ್ರಶ್ನೆಗೆ ಉತ್ತರ ಬೇಕು. ಅಪ್ಪನೆಲ್ಲಿ ಎಂದು ಮಗು ಕೇಳಿದಾಗ ತಾಯಿ ಅಳುತ್ತ ಕುಳಿತರೆ ಮಗು ಭಯವನ್ನು ಕಲಿಯುತ್ತದೆ. ಸಿಡುಕಿದರೆ ಮೌನವನ್ನು ಕಲಿಯುತ್ತದೆ. ನೆಲೆಗೊಂಡ ಮನಸ್ಸಿನಿಂದ ಉತ್ತರಿಸಿದರೆ ಧೈರ್ಯವನ್ನು ಕಲಿಯುತ್ತದೆ. ಹಾಗೆ ಮಗುವಿಗಾಗಿ ತನ್ನ ಮನಸ್ಸನ್ನು ದಿನದಿನವೂ ನೆಲೆಗೊಳಿಸಿಕೊಂಡ ತಾಯಿ ಕ್ರಮೇಣ ತಾನೇ ನೆಲೆಯಾಗುತ್ತಾಳೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವೂ ಒಂದು. ದಾರಿಯಿಂದ ಜಾರುವವರನ್ನು ಹಿಡಿದು ನಿಲ್ಲಿಸುವುದೇ ಅದರ ಅರ್ಥ. ಪರರನ್ನು ನಿಲ್ಲಿಸುವ ಮುನ್ನ ತಾನು ನಿಲ್ಲಬೇಕು. ಅತ್ತಿಮಬ್ಬೆಯ ನಾಯಕತ್ವ ಆರಂಭವಾದದ್ದು ಇಲ್ಲಿ, ರಾಜಸಭೆಯಲ್ಲಲ್ಲ.

ಆಕೆ ತನ್ನ ಮೇಲೆ ಕಠಿಣವಾದ ನಿಯಮಗಳನ್ನು ಹೇರಿಕೊಂಡಳು. ವ್ರತೋಪವಾಸಗಳಿಂದ ದೇಹವನ್ನು ದಂಡಿಸಿದಳು. ಆದರೆ ಆ ಕಾಠಿಣ್ಯವನ್ನು ಮಗನ ಮೇಲೆ ಹೇರಲಿಲ್ಲ. ಅಣ್ಣಿಗನು ಬೆಳೆದು ತಂದೆಯ ವೃತ್ತಿಯನ್ನೇ ಹಿಡಿದನು. ಪಡೆವಳ ತೈಲ ಎಂಬ ಹೆಸರಿನಿಂದ ಮಾಸವಾಡಿ ನೂರನಲವತ್ತು ಎಂಬ ಪ್ರಾಂತವನ್ನು ಆಳುವ ಅಧಿಕಾರಿಯಾದನು. ಪಡೆವಳನೆಂದರೆ ಸೇನಾನಿ. ಚಿಕ್ಕಪ್ಪನನ್ನೂ ಗಂಡನನ್ನೂ ನುಂಗಿದ ರಣರಂಗದ ವೃತ್ತಿಗೆ ಮಗನನ್ನೂ ಕಳುಹಿಸಿಕೊಡುವುದು ತಾಯಿಗೆ ಸುಲಭವಾದ ಮಾತಲ್ಲ. ತನ್ನ ಭಯವನ್ನು ಮಗನ ಕಾಲಿಗೆ ಸಂಕೋಲೆಯಾಗಿ ತೊಡಿಸದಿರುವುದು ತಾಯಿತಂದೆಯರು ಕಲಿಯಬೇಕಾದ ಪಾಠಗಳಲ್ಲಿ ಅತ್ಯಂತ ಕಷ್ಟದ್ದು. ಮಮತೆಯಿದ್ದೂ ಮಮಕಾರವಿಲ್ಲದಿರುವುದು ಅಪರಿಗ್ರಹದ ಒಂದು ಮುಖ. ಹೊನ್ನನ್ನು ಬಿಡುವುದಕ್ಕಿಂತ ಮಕ್ಕಳ ಮೇಲಿನ ಒಡೆತನವನ್ನು ಬಿಡುವುದು ಕಷ್ಟ. ಅದನ್ನು ಬಿಟ್ಟವಳಿಗೆ ಹೊನ್ನನ್ನು ಬಿಡುವುದು ಕಷ್ಟವಾಗಲಿಲ್ಲ.

ಸಾವಿರ ಪ್ರತಿಗಳ ಶಾಸ್ತ್ರದಾನ

ಅತ್ತಿಮಬ್ಬೆಯ ಕಾರ್ಯಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ್ದು. ಅಚ್ಚಿನ ಯಂತ್ರವಿರುವ ಈ ಕಾಲದಲ್ಲಿ ಸಾವಿರವೆಂಬ ಸಂಖ್ಯೆ ಅಲ್ಪವೆಂದು ತೋರಬಹುದು. ಆ ಕಾಲದಲ್ಲಿ ಅದು ಎಂತಹ ಸಾಹಸವೆಂಬುದನ್ನು ತಿಳಿಯಬೇಕಾದರೆ ಓಲೆಯ ಪುಸ್ತಕ ಸಿದ್ಧವಾಗುವ ಬಗೆಯನ್ನು ನೆನೆಯಬೇಕು. ತಾಳೆಯ ಗರಿಗಳನ್ನು ಆರಿಸಿ ತರಬೇಕು. ಹದವಾಗಿ ಒಣಗಿಸಿ, ನಯಗೊಳಿಸಿ, ಒಂದೇ ಅಳತೆಗೆ ಕತ್ತರಿಸಬೇಕು. ಉಕ್ಕಿನ ಮೊನೆಯ ಕಂಠದಿಂದ ಅಕ್ಷರಗಳನ್ನು ಕೊರೆಯಬೇಕು. ಕೊರೆದ ಗೆರೆಗಳು ಕಾಣುವಂತೆ ಮಸಿಯನ್ನು ತೀಡಬೇಕು. ಗರಿಗಳಿಗೆ ತೂತು ಕೊರೆದು, ದಾರ ಪೋಣಿಸಿ, ಮೇಲೊಂದು ಕೆಳಗೊಂದು ಹಲಗೆಯಿಟ್ಟು ಕಟ್ಟಬೇಕು. ಒಂದು ಪ್ರತಿಗೇ ಬಹಳ ದಿನಗಳ ದುಡಿಮೆ. ಸಾವಿರ ಪ್ರತಿಗಳೆಂದರೆ ಅನೇಕ ಲಿಪಿಕಾರರ ಕೂಟ, ಅವರ ಅನ್ನವಸ್ತ್ರಗಳ ವ್ಯವಸ್ಥೆ, ಬರೆದುದನ್ನು ತಿದ್ದಿ ಸರಿನೋಡುವ ಪಂಡಿತರು, ನಾಡಿನ ಬಸದಿಗಳಿಗೆ ತಲುಪಿಸುವ ಏರ್ಪಾಡು. ಕೈಯಲ್ಲಿ ಹಣವಿದ್ದ ಮಾತ್ರಕ್ಕೆ ಇಷ್ಟೆಲ್ಲ ನಡೆಯುವುದಿಲ್ಲ. ಮುಂದೆ ನಿಂತು ನಡೆಯಿಸುವ ಯೋಗ್ಯತೆ ಬೇಕು.

ಆಕೆ ಆರಿಸಿಕೊಂಡ ಕೃತಿಯನ್ನೂ ಗಮನಿಸಬೇಕು. ಶಾಂತಿಪುರಾಣವು ತನ್ನ ತಂದೆ ಮತ್ತು ಚಿಕ್ಕಪ್ಪ ಬರೆಯಿಸಿದ ಕಾವ್ಯ. ಗುರುವನ್ನು ಕಳೆದುಕೊಂಡ ಶಿಷ್ಯರು ಆ ವಿಯೋಗವನ್ನು ಪುರಾಣವನ್ನಾಗಿಸಿದ್ದರು. ಮಗಳು ಅದನ್ನೇ ಸಾವಿರವಾಗಿಸಿ ನಾಡಿಗೆ ಕೊಟ್ಟಳು. ಅಗಲಿದವರ ನೆನಪಿಗೆ ಕಣ್ಣೀರಿಗಿಂತ ಹೆಚ್ಚಿನದೊಂದನ್ನು ಸಲ್ಲಿಸುವ ರೀತಿಯನ್ನು ಆಕೆ ತವರುಮನೆಯಲ್ಲಿಯೇ ಕಂಡಿದ್ದಳು. ಮಕ್ಕಳು ತಂದೆತಾಯಿಗಳ ಉಪದೇಶಕ್ಕಿಂತ ಅವರ ನಡೆಯನ್ನೇ ಹೆಚ್ಚಾಗಿ ನೆನಪಿಡುತ್ತಾರೆ ಎಂಬುದಕ್ಕೆ ಇದೊಂದು ನಿದರ್ಶನ.

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನದ ಬೆಲೆ ಬಹಳ ಕಾಲದ ಮೇಲೆ ತಿಳಿಯುತ್ತದೆ. ಧವಲಾದಿ ಸಿದ್ಧಾಂತಗ್ರಂಥಗಳ ಪ್ರಾಚೀನ ಓಲೆಪ್ರತಿಗಳು ಶತಮಾನಗಳ ಕಾಲ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಅವುಗಳ ನಕಲು ಕಾರ್ಯ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆರಂಭವಾಗಿ, ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟ 1939ರಲ್ಲಿ ಅಚ್ಚಾಯಿತು. ಒಂದೇ ನೆಲೆಯಲ್ಲಿ ಉಳಿದ ಗ್ರಂಥಕ್ಕೆ ಒಂದು ಬೆಂಕಿ, ಒಂದು ಗೆದ್ದಲಿನ ಹುತ್ತ ಸಾಕು. ಸಾವಿರ ಕಡೆ ಹರಡಿದ ಗ್ರಂಥಕ್ಕೆ ಆ ಭಯವಿಲ್ಲ. ಒಬ್ಬ ಸೇನಾನಿಯ ಪ್ರಾಣದ ಮೇಲೆ ಒಂದು ಮನೆಯ ಸುಖವೆಲ್ಲ ನಿಂತಿದ್ದರೆ ಏನಾಗುತ್ತದೆಂಬುದನ್ನು ಅನುಭವದಿಂದ ಅರಿತವಳು ಅತ್ತಿಮಬ್ಬೆ. ಬೆಲೆಯುಳ್ಳದ್ದನ್ನು ಒಂದೇ ಕಡೆ ಇಡಬಾರದೆಂಬ ಎಚ್ಚರ ಆಕೆಯ ದಾನದಲ್ಲಿಯೂ ಕಾಣುತ್ತದೆ.

ರನ್ನನ ಕಾವ್ಯ, ಸಗರನ ಕಥೆ

ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ವಿದ್ಯೆಯನ್ನು ಅರಸಿ ಊರು ಬಿಟ್ಟವನು. ಅಜಿತಸೇನಾಚಾರ್ಯರ ಶಿಷ್ಯನಾಗಿ, ಚಾವುಂಡರಾಯನ ಆಶ್ರಯ ಪಡೆದು, ಮುಂದೆ ತೈಲಪನಿಂದ 'ಕವಿಚಕ್ರವರ್ತಿ'ಯೆನಿಸಿದನು. ಆತನಿಂದ 'ಅಜಿತಪುರಾಣ'ವನ್ನು ಬರೆಯಿಸಿದವಳು ಅತ್ತಿಮಬ್ಬೆ. ಹನ್ನೆರಡು ಆಶ್ವಾಸಗಳ ಈ ಕಾವ್ಯ ಮುಗಿದದ್ದು ಕ್ರಿ. ಶ. 993ರಲ್ಲಿ. ಆಕೆಯ ತವರು, ಅತ್ತೆಮನೆ, ನಾಗದೇವನ ಮರಣ, ಗುಂಡಮಬ್ಬೆಯ ಸಹಗಮನ, ಆಕೆಯ ವ್ರತಶೀಲಗಳು ಇಂದಿಗೆ ತಿಳಿದಿರುವುದು ಬಹುಮಟ್ಟಿಗೆ ಈ ಕಾವ್ಯದಿಂದಲೇ.

ಅಜಿತಪುರಾಣದಲ್ಲಿ ಎರಡನೆಯ ತೀರ್ಥಂಕರರಾದ ಅಜಿತನಾಥರ ಚರಿತ್ರೆಯೊಡನೆ ಸಗರ ಚಕ್ರವರ್ತಿಯ ಕಥೆಯೂ ಸೇರಿದೆ. ಜೈನ ಪುರಾಣಪರಂಪರೆಯಲ್ಲಿ ಈ ಕಥೆ ಹೀಗೆ ಬರುತ್ತದೆ. ಸಗರನಿಗೆ ಅರವತ್ತು ಸಾವಿರ ಮಕ್ಕಳು. ಅವರು ಕೈಲಾಸದ ಸುತ್ತ ಅಗಳು ತೋಡಲು ಹೋಗುತ್ತಾರೆ. ಸಗರನಿಗೆ ವೈರಾಗ್ಯ ಮೂಡಿಸಬೇಕೆಂದು ಅವನ ಪೂರ್ವಜನ್ಮದ ಗೆಳೆಯನಾದ ಮಣಿಕೇತುವೆಂಬ ದೇವನು ಅವರು ಸತ್ತಂತೆ ಮಾಯೆಯನ್ನು ಒಡ್ಡುತ್ತಾನೆ. ಬಳಿಕ ಬ್ರಾಹ್ಮಣನ ವೇಷದಲ್ಲಿ ಸಭೆಗೆ ಬಂದು, ಸತ್ತ ತನ್ನ ಮಗನನ್ನು ಉಳಿಸಿಕೊಡೆಂದು ಸಗರನನ್ನು ಬೇಡುತ್ತಾನೆ. ಮೃತ್ಯುವನ್ನು ತಡೆಯಲು ಯಾರಿಂದಲೂ ಆಗದೆಂದು ಸಗರನು ಅವನಿಗೆ ಬುದ್ಧಿ ಹೇಳುತ್ತಾನೆ. ಆಗ ಸಗರನಿಗೆ ತನ್ನ ಮಕ್ಕಳ ಮರಣವಾರ್ತೆ ತಿಳಿಯುತ್ತದೆ. ಪರರಿಗೆ ಹೇಳಿದ ಮಾತನ್ನು ತಾನೇ ಪಾಲಿಸಬೇಕಾದ ಗಳಿಗೆ ಅದು. ಸಗರನು ಭಗೀರಥನಿಗೆ ರಾಜ್ಯವನ್ನೊಪ್ಪಿಸಿ ದೀಕ್ಷೆ ಪಡೆಯುತ್ತಾನೆ.

ಪರರ ಮಗನ ಸಾವಿಗೆ ಸಮಾಧಾನ ಹೇಳುವುದು ಸುಲಭ. ಅದೇ ಮಾತು ತನ್ನ ಮನೆಗೆ ಬಂದಾಗ ಅದರ ಭಾರ ತಿಳಿಯುತ್ತದೆ. ಆಳುವವನ ಮಾತಿಗೆ ಬೆಲೆ ಬರುವುದು ಆ ಭಾರವನ್ನು ತಾನೂ ಹೊತ್ತಾಗಲೇ. ಈ ಕಥೆಯನ್ನು ಒಳಗೊಂಡ ಪುರಾಣವನ್ನು ಬರೆಯಿಸಿದವಳು ಅದನ್ನು ಕೇವಲ ಕಥೆಯೆಂದು ಓದಬೇಕಾದ ಸ್ಥಿತಿಯಲ್ಲಿರಲಿಲ್ಲ. ರನ್ನನು ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಕಾವ್ಯದಲ್ಲಿ ಹೊಗಳುವುದು ಆಶ್ರಿತಕವಿಯ ಧರ್ಮವೆಂದು ಯಾರಾದರೂ ಹೇಳಬಹುದು. ಮನೆಯ ಮಗಳನ್ನು ದಿನಕ್ಕೆ ಹತ್ತು ಬಾರಿ ಕರೆಯುವ ಹೆಸರನ್ನು ಹಾಗೆ ಹೇಳಲಾಗದು.

ಲೊಕ್ಕಿಗುಂಡಿಯ ಜಿನಾಲಯ

ಗದಗಿಗೆ ಸುಮಾರು 12 ಕಿಲೋಮೀಟರ್ ದೂರದ ಲಕ್ಕುಂಡಿ ಶಾಸನಗಳಲ್ಲಿ ಲೊಕ್ಕಿಗುಂಡಿಯೆಂದು ಕರೆಯಲ್ಪಟ್ಟಿದೆ. ಅಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯವು ಇಂದಿಗೂ ನಿಂತಿದೆ. ಅಲ್ಲಿಯ ಶಾಸನದ ಕಾಲ ಶಕ 929, ಅಂದರೆ ಕ್ರಿ. ಶ. 1007. ಆಗ ತೈಲಪನು ತೀರಿಹೋಗಿ ಹತ್ತು ವರ್ಷಗಳಾಗಿದ್ದವು, ಸತ್ಯಾಶ್ರಯನು ಆಳುತ್ತಿದ್ದನು.

ಅದೇ ಶಕವರ್ಷ 929ರ ಮತ್ತೊಂದು ಶಾಸನ ಇಂದಿನ ಹಾವೇರಿ ಜಿಲ್ಲೆಯ ಹೊಟ್ಟೂರಿನಲ್ಲಿದೆ. ಚೋಳಸೈನ್ಯವು ನಾಡಿನೊಳಗೆ ನುಗ್ಗಿ ದೋಣವೂರಿನಲ್ಲಿ ಬೀಡುಬಿಟ್ಟು, ಊರುಗಳನ್ನು ಸುಲಿದು, ಹೆಂಗಸರು ಮಕ್ಕಳೆನ್ನದೆ ಕೊಂದ ಸಂಗತಿಯನ್ನೂ, ಸತ್ಯಾಶ್ರಯನು ಆ ಸೈನ್ಯವನ್ನು ಹಿಮ್ಮೆಟ್ಟಿಸಿದುದನ್ನೂ ಅದು ಹೇಳುತ್ತದೆ. ಈ ಎರಡು ಶಾಸನಗಳನ್ನು ಒಟ್ಟಿಗೆ ಓದಿದಾಗ ಲಕ್ಕುಂಡಿಯ ಬಸದಿಯ ಅರ್ಥ ಇನ್ನಷ್ಟು ಸ್ಪಷ್ಟವಾಗುತ್ತದೆ. ಅದು ನೆಮ್ಮದಿಯ ಕಾಲದಲ್ಲಿ ಹೆಚ್ಚಿದ ಹಣದಿಂದ ಎದ್ದ ಕಟ್ಟಡವಲ್ಲ. ಊರುಗಳು ಉರಿಯುತ್ತಿದ್ದ ಕಾಲದಲ್ಲಿ, ತನ್ನ ಮಗನೂ ಸೇನಾನಿಯಾಗಿದ್ದ ಕಾಲದಲ್ಲಿ, ಕಟ್ಟುವ ಕೆಲಸವನ್ನು ನಿಲ್ಲಿಸದ ಒಂದು ಮನಸ್ಸಿನ ಕುರುಹು ಅದು.

ಲಕ್ಕುಂಡಿಯ ಶಾಸನವು ಅತ್ತಿಮಬ್ಬೆಯ ಮಹಿಮೆಗಳನ್ನೂ ಹೇಳುತ್ತದೆ. ತುಂಬಿ ಹರಿಯುವ ಗೋದಾವರಿ ಆಕೆಗೆ ದಾರಿ ಬಿಟ್ಟಿತು. ಮದಿಸಿದ ಆನೆ ಆಕೆಯ ಮುಂದೆ ತಲೆಬಾಗಿತು. ಹೊತ್ತಿದ ಬೆಂಕಿ ಜಿನಗಂಧೋದಕದಿಂದ ಆರಿತು. ಗೊಮ್ಮಟನ ದರ್ಶನವಾಗುವವರೆಗೆ ಆಹಾರವಿಲ್ಲವೆಂಬ ನಿಯಮದಿಂದ ಬೆಳಗೊಳದ ಬೆಟ್ಟವೇರಿ ಬಳಲಿದಾಗ ಅಕಾಲದಲ್ಲಿ ಮಳೆ ಸುರಿಯಿತು. ಭಕ್ತರಿಗೆ ಇವು ಅತಿಶಯಗಳು. ಇತಿಹಾಸದ ದೃಷ್ಟಿಯಿಂದ ನೋಡುವವರಿಗೂ ಇವುಗಳಲ್ಲಿ ಒಂದು ಸತ್ಯ ಕಾಣದಿರದು. ಪ್ರವಾಹ, ಮದ್ದಾನೆ, ಬೆಂಕಿ ಇವೆಲ್ಲವೂ ಜನ ಹೆದರಿ ಓಡುವ ಸಂದರ್ಭಗಳು. ಅಂತಹ ಸಂದರ್ಭದಲ್ಲಿ ಜನ ಯಾರ ಮುಖವನ್ನು ನೋಡಿದರೋ ಅವರೇ ನಿಜವಾದ ನಾಯಕರು. ಆಕೆಗೆ ದಂಡನಾಯಕನ ಪದವಿಯಿರಲಿಲ್ಲ, ಮಂತ್ರಿಯ ಮುದ್ರೆಯಿರಲಿಲ್ಲ. ಹೆದರಿಕೆಯನ್ನು ಒಮ್ಮೆ ಪೂರ್ತಿಯಾಗಿ ಕಂಡು ದಾಟಿದವಳೆಂಬ ನಂಬಿಕೆ ಜನರಲ್ಲಿತ್ತು.

'ಗುಣದಂಕಕಾರ್ತಿ', 'ಕವಿವರಕಾಮಧೇನು', 'ಜಿನಶಾಸನದೀಪ' ಮೊದಲಾದ ಬಿರುದುಗಳು ಆಕೆಗೆ ಸಂದವು. ಸಾವಿರದ ಐನೂರು ಜಿನಬಿಂಬಗಳನ್ನು ಚಿನ್ನರತ್ನಗಳಿಂದ ಮಾಡಿಸಿ ಕೊಟ್ಟಳೆಂಬ ಖ್ಯಾತಿ ಉಳಿಯಿತು. ನಂತರದ ಕಾಲದ ಶಾಸನಗಳಲ್ಲಿ ದಾನಶೀಲೆಯರಾದ ಶ್ರಾವಿಕೆಯರನ್ನು ಹೊಗಳಬೇಕಾದಾಗ ಆಕೆಯ ಹೆಸರೇ ಉಪಮಾನವಾಯಿತು. ಕರ್ನಾಟಕ ಸರ್ಕಾರವು ಮಹಿಳಾ ಸಾಹಿತಿಗಳಿಗಾಗಿ ಸ್ಥಾಪಿಸಿದ ಪ್ರಶಸ್ತಿಯೂ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರನ್ನೇ ಹೊತ್ತಿದೆ.

ನಾಗರಖಂಡದ ಜಕ್ಕಿಯಬ್ಬೆ

ಅತ್ತಿಮಬ್ಬೆಗೆ ಸುಮಾರು ಎಂಬತ್ತು ತೊಂಬತ್ತು ವರ್ಷಗಳ ಹಿಂದೆ ಇಂತಹ ಮತ್ತೊಬ್ಬ ಜಿನಭಕ್ತೆ ಬಾಳಿದ್ದಳು. ಅತ್ತಿಮಬ್ಬೆ ಅಧಿಕಾರವಿಲ್ಲದೆ ನಾಡನ್ನು ನಡೆಸಿದರೆ, ಈಕೆ ಅಧಿಕಾರವನ್ನೇ ಹೊತ್ತು ನಡೆಸಿದವಳು. ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಆಳ್ವಿಕೆಯಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಂಡನು. ಅವನ ಸ್ಥಾನಕ್ಕೆ ನೇಮಕಗೊಂಡವಳು ಅವನ ಹೆಂಡತಿ ಜಕ್ಕಿಯಬ್ಬೆ. ಎಪ್ಪತ್ತು ಹಳ್ಳಿಗಳ ಕಂದಾಯ, ನ್ಯಾಯ, ರಕ್ಷಣೆಗಳ ಹೊಣೆ ಒಬ್ಬ ವಿಧವೆಯ ಹೆಗಲಿಗೆ ಬಂದಿತು. ಆಕೆಯ ಆಡಳಿತಸಾಮರ್ಥ್ಯವನ್ನೂ ಜಿನಭಕ್ತಿಯನ್ನೂ ಶಾಸನವು ಒಟ್ಟಿಗೆ ಹೊಗಳುತ್ತದೆ.

ಜಕ್ಕಿಯಬ್ಬೆಯ ಬಾಳಿನ ಕೊನೆ ವಿಶೇಷವಾಗಿ ಗಮನಾರ್ಹ. ದೇಹವು ರೋಗದಿಂದ ಜರ್ಜರಿತವಾದಾಗ ಆಕೆ ಸ್ಥಾನಕ್ಕೆ ಅಂಟಿಕೊಳ್ಳಲಿಲ್ಲ. ಮಗಳನ್ನು ಕರೆದು ಆಕೆಗೆ ಎಲ್ಲವನ್ನೂ ಒಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ವ್ರತವನ್ನು ಸ್ವೀಕರಿಸಿ ದೇಹವನ್ನು ಬಿಟ್ಟಳು. ನಾಡಿನ ಭಾರವನ್ನು ವಹಿಸಿಕೊಡುವಷ್ಟು ಯೋಗ್ಯಳನ್ನಾಗಿ ಮಗಳನ್ನು ಬೆಳೆಸಿದ್ದಳೆಂಬುದು ಇದರಿಂದ ತಿಳಿಯುತ್ತದೆ. ತನ್ನ ನಂತರ ಯಾರು ಎಂಬ ಪ್ರಶ್ನೆಯನ್ನು ಅನೇಕ ನಾಯಕರು ಕೊನೆಯ ಗಳಿಗೆಯವರೆಗೂ ಎದುರಿಸುವುದಿಲ್ಲ. ಮಕ್ಕಳನ್ನು ಬೆಳೆಸಿದವರಿಗೆ ಆ ಪ್ರಶ್ನೆ ಹೊಸದಲ್ಲ. ತಾನಿಲ್ಲದ ದಿನಕ್ಕಾಗಿ ಮಕ್ಕಳನ್ನು ಸಿದ್ಧಗೊಳಿಸುವುದೇ ಪಾಲನೆಯ ಪರಮಪ್ರಯೋಜನ.

ಕರುವಿನಿಂದ ಸಮುದಾಯಕ್ಕೆ

ಈ ಇಬ್ಬರು ಮಹಾಸತಿಯರ ಬಾಳನ್ನು ಬೆಸೆಯುವ ಎಳೆ ಒಂದಿದೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ವಾತ್ಸಲ್ಯವೂ ಸೇರಿದೆ. ವತ್ಸವೆಂದರೆ ಕರು. ಹಸುವು ತನ್ನ ಕರುವಿನಲ್ಲಿ ಇಡುವ ಪ್ರೀತಿಯನ್ನು ಶ್ರಾವಕನು ತನ್ನ ಸಹಧರ್ಮಿಗಳಲ್ಲಿ ಇಡಬೇಕೆಂದು ಆಚಾರ್ಯರು ಇದನ್ನು ವಿವರಿಸಿದ್ದಾರೆ. ಧರ್ಮದ ಅಂಗವೊಂದನ್ನು ಹೇಳಲು ಆಚಾರ್ಯರು ಆರಿಸಿಕೊಂಡ ಹೋಲಿಕೆ ಅರಮನೆಯದಲ್ಲ, ರಣರಂಗದ್ದಲ್ಲ, ಕೊಟ್ಟಿಗೆಯದು, ತಾಯಿಯದು. ತನ್ನ ಕರುವನ್ನು ಪ್ರೀತಿಸುವುದು ಸ್ವಭಾವ; ಆ ಪ್ರೀತಿಯನ್ನು ಕರುವಿನಾಚೆಗೂ ಹರಿಸುವುದು ಧರ್ಮ. ಅತ್ತಿಮಬ್ಬೆಗೆ 'ಕಾಮಧೇನು' ಎಂಬ ಬಿರುದು ಸಂದದ್ದು ಇದನ್ನು ನೆನೆದಾಗ ಇನ್ನಷ್ಟು ಸಾರ್ಥಕವೆನಿಸುತ್ತದೆ. ಒಬ್ಬ ಮಗನ ಪಾಲನೆಗಾಗಿ ಬದುಕಿ ಉಳಿದವಳು ಕವಿಗಳಿಗೆ, ಲಿಪಿಕಾರರಿಗೆ, ಶಿಲ್ಪಿಗಳಿಗೆ, ಮುನಿಸಂಘಕ್ಕೆ, ನಾಡಿನ ಜನಕ್ಕೆ ತಾಯಿಯಾದಳು.

ಅಕ್ಷಯತೃತೀಯೆಯಂದು, ಶ್ರುತಪಂಚಮಿಯಂದು, ದಶಲಕ್ಷಣ ಪರ್ವದಲ್ಲಿ ಅತ್ತಿಮಬ್ಬೆಯ ಹೆಸರನ್ನು ಸ್ಮರಿಸುವ ಸಮಾಜವು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಇಂದಿನ ಊರುಗಳಲ್ಲಿ ಗಂಡನನ್ನು ಕಳೆದುಕೊಂಡು ಮಕ್ಕಳನ್ನು ಒಬ್ಬಳೇ ಬೆಳೆಸುತ್ತಿರುವ ಶ್ರಾವಿಕೆಯರಿದ್ದಾರೆ. ಹೆಂಡತಿಯನ್ನು ಕಳೆದುಕೊಂಡ ತಂದೆಯರಿದ್ದಾರೆ. ರೋಗಿಯಾದ ಅಥವಾ ಅಂಗವಿಕಲವಾದ ಮಗುವನ್ನು ವರ್ಷಗಟ್ಟಲೆ ಸಲಹುತ್ತಿರುವ ದಂಪತಿಗಳಿದ್ದಾರೆ. ಬಸದಿಯ ಕಾರ್ಯಕ್ರಮಗಳಲ್ಲಿ ಅವರಿಗೆ ಸಿಗುವುದು ಬಹುತೇಕ ಅನುಕಂಪ, ಇಲ್ಲವೇ ಸಹಾಯಧನದ ಪಟ್ಟಿಯಲ್ಲೊಂದು ಸ್ಥಾನ. ಸಹಾಯ ಬೇಕಾದವರಿಗೆ ಸಹಾಯ ಸಲ್ಲಲೇಬೇಕು. ಆದರೆ ಅವರನ್ನು ಪಡೆಯುವವರ ಸಾಲಿನಲ್ಲಿ ಮಾತ್ರ ನಿಲ್ಲಿಸಿ, ನಿರ್ಣಯಿಸುವವರ ಸಾಲಿಗೆ ಕರೆಯದಿರುವುದು ಸಮಾಜಕ್ಕೇ ನಷ್ಟ. ಮಿತವಾದ ಹಣದಲ್ಲಿ ಮನೆಯನ್ನು ನಡೆಸಿದವರಿಗೆ ಟ್ರಸ್ಟಿನ ಲೆಕ್ಕ ನೋಡುವುದು ಬರುತ್ತದೆ. ಹಟಮಾರಿ ಮಗುವನ್ನು ತಾಳ್ಮೆಯಿಂದ ದಾರಿಗೆ ತಂದವರಿಗೆ ಸಭೆಯ ಒಡಕನ್ನು ಬೆಸೆಯುವುದು ಬರುತ್ತದೆ. ಬಡಮಕ್ಕಳ ವಿದ್ಯಾರ್ಥಿವೇತನದ ಅರ್ಜಿಯನ್ನು ಯಾವ ಕಣ್ಣಿನಿಂದ ಓದಬೇಕೆಂಬುದು ಅವರಿಗೆ ಹೇಳಿಕೊಡದೆಯೂ ತಿಳಿದಿರುತ್ತದೆ.

ವಿಧವೆಯನ್ನು ಮಂಗಲಕಾರ್ಯಗಳಿಂದ ದೂರವಿಡುವ ರೂಢಿ ಕೆಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಲಕ್ಕುಂಡಿಯ ಬ್ರಹ್ಮಜಿನಾಲಯವನ್ನು ಕಟ್ಟಿಸಿದವಳು ಒಬ್ಬ ವಿಧವೆಯೆಂಬುದನ್ನು ಅಂತಹ ಮನೆಗಳ ಹಿರಿಯರು ನೆನೆಯಬೇಕು. ಆಕೆಯ ಕೈಯಿಂದ ನಡೆದ ಕಾರ್ಯವು ಅಮಂಗಲವಾಗಿದ್ದರೆ ಸಾವಿರ ವರ್ಷಗಳ ಕಾಲ ನಾಡು ಅದನ್ನು ಮಂಗಲವೆಂದು ಸ್ಮರಿಸುತ್ತಿರಲಿಲ್ಲ.

ದುಃಖವನ್ನು ಯಾರೂ ಬಯಸಿ ಪಡೆಯಬೇಕಾಗಿಲ್ಲ. ಅದನ್ನು ದೊಡ್ಡದೆಂದು ಹಾಡಿ ಹೊಗಳಬೇಕಾಗಿಯೂ ಇಲ್ಲ. ಪೂರ್ವಕರ್ಮದ ಉದಯದಿಂದ ಅದು ಬರುವಾಗ ಬರುತ್ತದೆ. ಬಂದ ಮೇಲೆ ಮಾಡಬೇಕಾದ ಪುರುಷಾರ್ಥ ಮಾತ್ರ ಜೀವದ ಕೈಯಲ್ಲಿದೆ. ಮಡಿಲಲ್ಲಿದ್ದ ಮಗುವಿನ ಮುಖ ನೋಡಿ ಬದುಕನ್ನು ಆರಿಸಿಕೊಂಡ ಒಬ್ಬ ತಾಯಿಯ ಪುರುಷಾರ್ಥದಿಂದ ಕನ್ನಡಕ್ಕೆ ಒಂದು ಪುರಾಣ ಹೊಸದಾಗಿ ದೊರೆಯಿತು, ಇನ್ನೊಂದು ಪುರಾಣ ಉಳಿದುಕೊಂಡಿತು, ಲಕ್ಕುಂಡಿಯಲ್ಲಿ ಒಂದು ಜಿನಾಲಯ ಎದ್ದು ನಿಂತಿತು. ಅದನ್ನು ನೋಡಲು ಹೋಗುವ ಕುಟುಂಬಗಳು ಶಿಲ್ಪದ ಸೊಬಗನ್ನು ಕಂಡು ಮರಳುವಾಗ, ಅಣ್ಣಿಗನ ತಾಯಿಯ ಈ ಕಥೆಯನ್ನೂ ಮಕ್ಕಳಿಗೆ ಹೇಳುವುದು ಯೋಗ್ಯ.